ಮಾತು ಬಿಟ್ಟವರ ಎಮ್ಮಿ

ನಮ್ಮ ಓಣ್ಯಾಗ ಎಲ್ಲರಕಿಂತ ಹೆಚ್ಚು ಖರೇ ಮಾತು ಕೇಳಿದವರು ಯಾರು ಅಂತ ನೀವು ಕೇಳಿದರ, ನಮ್ಮ ಎಮ್ಮಿ ಅಂತ ಹೇಳತೇನಿ. ದೇವರಲ್ಲ, ಮಠದ ಅಯ್ಯನವರಲ್ಲ, ಚಾವಡ್ಯಾಗ ಕುಂತು ನ್ಯಾಯ ಹೇಳೋ ಗೌಡನೂ ಅಲ್ಲ. ದೇವರ ಮುಂದ ಮಂದಿ ಬೇಡಿಕೊಳ್ಳತಾರ, ಅಯ್ಯನವರ ಮುಂದ ತಲಿ ಅಲ್ಲಾಡಸ್ತಾರ, ಗೌಡನ ಮುಂದ ಕಣ್ಣೀರು ತಗೀತಾರ. ಹೊಟ್ಟ್ಯಾಗಿಂದು ಇದ್ದದ್ದು ಇದ್ದಂಗ ಹೊರಗ ಬರೋದು ಎಮ್ಮಿ ಮುಂದ ಅಷ್ಟ.

ಬ್ಯಾರೆ ಸೀಮಿಯವರಿಗೆ ಇದು ತಿಳಿಯೂದಿಲ್ಲ, ಬಿಡಿಸಿ ಹೇಳತೇನಿ. ಬೈಲಹೊಂಗಲದಿಂದ ಹಿಡಿದು ಸವದತ್ತಿ ಗುಡ್ಡದ ತನಕ ಎಲ್ಲಿ ಬೇಕಾದಲ್ಲಿ ನೋಡ್ರಿ, ಎರಡು ಮನಿ ನಡುವ ಮಾತು ಬಿಟ್ಟಿತು ಅಂದ್ರ ಬಾಯಿ ಮುಚ್ಚಿತು ಅಂತ ಅರ್ಥ ಅಲ್ಲ. ಬಾಯಿ ಅವತ್ತಿಂದ ಜೋರಾಗತೈತಿ. ಮುಖಾ ನೋಡಿ ಮಾತ್ರ ಹೇಳಬಾರದು. ಹಿತ್ತಲಕ್ಕ ಹೋಗಿ, ಎಮ್ಮಿ ಮೈ ತಿಕ್ಕೋ ನೆವಾ ಮಾಡಿ, ಗ್ವಾಡಿ ಆ ಕಡೆ ಕೇಳೋ ಹಂಗ ಎಮ್ಮಿಗಿ ಹೇಳಬೇಕು. "ನೋಡಿದೇನವ್ವಾ ಎಮ್ಮಿ, ನಮ್ಮ ಒಲಿಯಾಗಿನ ಕೆಂಡಾ ಒಯ್ದು ತಮ್ಮ ಒಲಿ ಹಚ್ಚಿಕೊಂಡವರು ಈಗ ಹೊಗಿ ನಮ್ಮ ಕಡೆ ಬಿಡಾಕತ್ತಾರ." ಎಮ್ಮಿ ಮೆಲಕು ಹಾಕತೈತಿ. ಆ ಕಡೆಯಾಕಿ ತನ್ನ ಎಮ್ಮಿ ತಿಕ್ಕಿಕೊಂತ ಅದಕ್ಕ ಉತ್ತರಾ ಕೊಡತಾಳ. ಎಮ್ಮಿ ಇಲ್ಲದವರು ಬೆಕ್ಕಿಗಿ ಹೇಳತಾರ. ಆದರ ಬೆಕ್ಕು ಅರ್ಧಕ್ಕ ಎದ್ದು ಹೋಗತೈತಿ. ಎಮ್ಮಿ ಕಟ್ಟಿ ಹಾಕಿದ ಪ್ರಾಣಿ, ಪಾಪ, ಪೂರಾ ಕೇಳತೈತಿ.

ನನಗೂ ನನ್ನ ನೆಗೆಣ್ಣಿ ಬಸವ್ವಗೂ, ಅಂದ್ರ ನನ್ನ ಮೈದುನನ ಹೆಂಡತಿಗೂ, ಮಾತು ಬಿಟ್ಟು ಬಾಳ ವರ್ಷಾತು. ಅವರ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ. ಮನಿ ಪಾಲಾದಾಗ ಬೀಸೋ ಕಲ್ಲು ಅವರ ಪಾಲಿಗಿ ಹೋತು. ಆ ಕಲ್ಲು ನನ್ನ ತವರವರು ಕಿತ್ತೂರಿಂದ ಗಾಡ್ಯಾಗ ಹೇರಿ ಕಳಿಸಿದ್ದು. ಪಾಲು ಮಾಡಿದ ಹಿರಿಯರು ಗಂಡಸರು, ಹುಟ್ಟಿದಾಗಿಂದ ಒಂದು ಹಿಡಿ ಜೋಳಾ ಬೀಸಿದವರಲ್ಲ. ಅವರಿಗೆ ಕಲ್ಲಂದ್ರ ಕಲ್ಲು. ಅವತ್ತ ನಾ ಎಲ್ಲಮ್ಮನ ಭಂಡಾರ, ಅಂದ್ರ ಆಕಿ ಗುಡಿ ಅರಿಷಿಣಾ, ಮುಟ್ಟಿ ಆಣಿ ಮಾಡಿದೆ: ಆ ಮನಿ ಹೊಸ್ತಿಲಾ ತುಳಿಯೂದಿಲ್ಲ, ಆ ಮನ್ಯಾಗಿನ ಒಬ್ಬರ ಸುದ್ದೀನೂ ಮಂದಿ ಮುಂದ ಎತ್ತೂದಿಲ್ಲ, ಒಬ್ಬರ ಹೆಸರೂ ಬಾಯಾಗ ಹಿಡಿಯೂದಿಲ್ಲ ಅಂತ. ಕಲ್ಲು ನಂದ. ಇವತ್ತಿಗೂ ಹೇಳತೇನಿ. ಇದನ್ನ ಓದಿ ಮುದುಕಿ ಮೆತ್ತಗಾಗ್ಯಾಳ ಅಂತ ಯಾರೂ ತಿಳ್ಕೋಬ್ಯಾಡ್ರಿ.

ನಮ್ಮಿಬ್ಬರ ಬಾಯಿ ಬ್ಯಾರೆ ಬ್ಯಾರೆ. ಬಸವ್ವನ ಬಾಯಾಗ ಎಲ್ಲಾ ಛಲೋ. ನಿಮ್ಮ ಬಣವಿಗಿ ಬೆಂಕಿ ಬಿದ್ದರ, ಬೆಳಕು ಛಲೋ ಬಿದ್ದೈತಿ ನೋಡ್ರಿ ಅನ್ನೋವಾಕಿ. ಅದಕ್ಕ ಊರಾಗ ಆಕಿಗಿ ವೈರಿಗಳಿಲ್ಲ, ಆಕಿ ಮಾತು ನಂಬೋವರೂ ಇಲ್ಲ. ನಂದು ಹಂಗಲ್ಲ. ಒಬ್ಬರ ಮನಿ ತೊಟ್ಟಿಲದಾಗ ಕೂಸು ನೋಡಿ, "ಅಜ್ಜನ ಮೂಗು ಬಂದೈತಿ, ಪಾಪ" ಅಂದೆ. ಅಜ್ಜ ಅಲ್ಲೇ ಕುಂತಿದ್ದ. ಆವಾಗಿಂದ ನನ್ನ ತೊಟ್ಟಿಲಕ್ಕ ಕರೆಯೋದು ಬಿಟ್ಟಾರ. ಒಟ್ಟಿನಾಗ ಆಕಿ ಮನ್ಯಾಗ ಸಮಾಧಾನ ಇತ್ತು, ಖರೇ ಇರಲಿಲ್ಲ. ನನ್ನ ಮನ್ಯಾಗ ಖರೇ ಇತ್ತು, ಒಬ್ಬರೂ ಬರತಿರಲಿಲ್ಲ.

ಇಂಥಾದ್ರಾಗ ಬೈಲಹೊಂಗಲದಿಂದ ಮಾರ್ಥಾಬಾಯಿ ಅಂತ ಪಾದ್ರಿಗಳ ಕಡೆಯ ಬಾಯಾರು ನಮ್ಮೂರಿಗಿ ಬರಾಕ ಹತ್ತಿದರು. ಅವರೂ ನಮ್ಮ ಕಡೆಯವರ, ನಮ್ಮಂಗ ಮಾತಾಡತಾರ. ಬೇವಿನ ಕಟ್ಟಿ ಮ್ಯಾಲ ನಾವು ಹೆಂಗಸರು ಹತ್ತಿ ಬಿಡಿಸಿಕೊಂತ ಕುಂತಿರತೇವಿ, ಅವರೂ ಬಂದು ಒಂದು ಬುಟ್ಟಿ ಮುಂದ ಎಳಕೊಂಡು ಕುಂತು ಹತ್ತಿ ಬಿಡಸ್ತಾರ, ಮಣ್ಣಾಗ ಬೆರಳಿಲೆ ಅಕ್ಷರ ತಿದ್ದಸ್ತಾರ, ತಮ್ಮ ಶಾಸ್ತ್ರದಾಗಿಂದು ಹೇಳತಾರ. ನಾ ಲಿಂಗಾ ಕಟ್ಟಿದಾಕಿ, ಲಿಂಗಾ ಬಿಚ್ಚಿಲ್ಲ, ಅವರೂ ಬಿಚ್ಚು ಅಂದಿಲ್ಲ. ಹಣ್ಣು ಮುದುಕಿ ಆದ ಮ್ಯಾಲ ಅ ಆ ಕಲಿತೆ. ಈಗ ಬರದದ್ದು ವಾರಿ ವಂಕಿ ಇದ್ದರ ಬಾಯಾರನ್ನ ಬೈರಿ, ನನ್ನನ್ನ ಬೈಬ್ಯಾಡ್ರಿ.

ಒಂದಿನ ಅವರು ಆಣಿ ಸುದ್ದಿ ತಗದರು. ಅವರ ಸ್ವಾಮಿ ಹೇಳ್ಯಾನಂತ, ಆಣಿನ ಮಾಡಬ್ಯಾಡ್ರಿ, ಹೌದಿದ್ದರ ಹೌದನ್ರಿ, ಅಲ್ಲಿದ್ದರ ಅಲ್ಲನ್ರಿ, ಅಷ್ಟಕ್ಕ ನಿಲ್ಲಸ್ರಿ. ನಿಮ್ಮ ತಲಿ ಮ್ಯಾಲೂ ಆಣಿ ಬ್ಯಾಡ, ಯಾಕಂದ್ರ ಒಂದು ಕೂದಲಾ ಬೆಳ್ಳಗ ಮಾಡೋದೂ ಕರ್ರಗ ಮಾಡೋದೂ ನಿಮ್ಮ ಕೈಯಾಗಿಲ್ಲ.

"ನನ್ನ ತಲಿ ನೋಡ್ರಿ ಬಾಯಾರ," ಅಂದೆ. "ಆಣಿ ಮಾಡಿ ಮಾಡಿನ ಒಂದೂ ಕರಿದು ಉಳಿದಿಲ್ಲ."

ಹೆಂಗಸರು ನಕ್ಕರು. ಹಾಲು ಮಾರೋ ಕಲ್ಲವ್ವ ನಗಲಿಲ್ಲ, ಆಕಿಗಿ ಇದು ಹೊಟ್ಟಿ ಪಾಡಿನ ಮಾತು. "ಹಂಗಂದ್ರ ಹೆಂಗ್ರಿ ಬಾಯಾರ? ಮಗನ ಆಣಿ ಮಾಡಿ ನೀರು ಹಾಕಿಲ್ಲ ಅಂದ್ರ ಒಂದೀಟು ನಂಬತಾರ. ಆಣಿನೂ ಇಲ್ಲಂದ್ರ ನನ್ನ ಹಾಲು ಯಾರು ತಗೋತಾರ್ರಿ?"

ಮಾರ್ಥಾಬಾಯಾರು ಹತ್ತಿ ಬಿಡಿಸಿಕೊಂತನ ಕೇಳಿದರು. "ಆಣಿ ಮಾಡಿದಾಗ ಆಡಿದ್ದು ಖರೇ ಅಂತ ಇಟ್ಕೋ ಕಲ್ಲವ್ವಾ. ಉಳಿದ ಹೊತ್ತಿನಾಗ ಆಡಿದ್ದು ಮತ್ತ ಏನು?"

ಈ ಪ್ರಶ್ನಿ ನಮಗ್ಯಾರಿಗೂ ಯಾರೂ ಹಾಕಿರಲಿಲ್ಲ ನೋಡ್ರಿ. ನಮ್ಮ ಕಡೆ ಆಣಿ ಅಂದ್ರ ಉಪ್ಪು ಇದ್ದಂಗ, ಎಲ್ಲಾದಕ್ಕೂ ಹಾಕತೇವಿ. ಒಲಿ ಮ್ಯಾಲ ಆಣಿ, ಜೋಳದ ರಾಶಿ ಮ್ಯಾಲ ಆಣಿ, ಹಣಿ ಮ್ಯಾಲಿನ ವಿಭೂತಿ ಆಣಿ. ನಮ್ಮ ಓಣ್ಯಾಗ ಒಬ್ಬಾಕಿ ಸತ್ತ ಗಂಡನ ಆಣಿ ಮಾಡತಿದ್ದಳು. ಸತ್ತಾವಗ ಇನ್ನ ಏನಾಗೋದೈತಿ ಅಂತ ಧೈರ್ಯ.

ಇನ್ನೊಂದಿನ ಹೇಳಿದ್ದು ನನಗ ಮುಳ್ಳಿನಂಗ ಮುರೀತು. ನೀ ದೇವರಿಗಿ ಕಾಣಿಕಿ ತಗೊಂಡು ಹೋದಾಗ, ನಿನ್ನ ಮ್ಯಾಲ ನಿಮ್ಮವರಿಗೆ ಏನರ ಸಿಟ್ಟೈತಿ ಅಂತ ನೆನಪಾದರ, ಕಾಣಿಕಿ ಅಲ್ಲೇ ಇಟ್ಟು, ಮೊದಲು ಹೋಗಿ ಅವರ ಕೂಡ ಸಮಾಧಾನ ಮಾಡಿಕೊಂಡು ಬಾ ಅಂತ. ನಾ ಮತ್ತೊಮ್ಮೆ ಹೇಳಸಿದೆ. ನನಗ ಅವರ ಮ್ಯಾಲ ಸಿಟ್ಟಿದ್ದರ ಅಂತಿಲ್ಲ, ಅವರಿಗೆ ನನ್ನ ಮ್ಯಾಲ ಇದ್ದರ ಅಂತೈತಿ. "ಇದು ತಲಿಕೆಳಗ ಆತಲ್ಲರಿ ಬಾಯಾರ," ಅಂದೆ. "ನನ್ನ ಸಿಟ್ಟಿನ ಸುದ್ದಿನ ಇಲ್ಲ." "ನಿನ್ನ ಸಿಟ್ಟು ನಿನಗ ನೆನಪಿರತೈತಿ ಗಂಗವ್ವಾ, ಅದಕ್ಕ ಬ್ಯಾರೆಯವರು ಹೇಳಬೇಕಾಗಿಲ್ಲ," ಅಂದ್ರು.

ಮೂರನೇದು ಮಾತ್ರ ನನಗ ಬಾಳ ಸೇರಿತು. ನಿನ್ನ ಕೈಲಾದಷ್ಟು ಎಲ್ಲಾರ ಕೂಡ ಸಮಾಧಾನದಿಂದ ಇರು. ಈ ಕೈಲಾದಷ್ಟು ಅನ್ನೋದು ಐತಲ್ಲ, ಇದನ್ನ ಬರದಾವ ಬಾಳ ಶಾಣ್ಯಾ. ಅವನ ಮನಿ ಬಾಜೂಕೂ ಯಾರೋ ಇದ್ದಿರಬೇಕು.

ಇನ್ನ ಮೊನ್ನಿ ಆದದ್ದು ಕೇಳ್ರಿ. ಇದನ್ನ ಹೇಳಾಕ ಮುಂಜಾನಿಂದ ಕುದ್ಯಾಕ ಹತ್ತೇನಿ. ಬಾಯಿ ಮುಂದ ಓಡತೈತಿ, ಲೇಖಣಿ ಹಿಂದ ಕುಂಟತೈತಿ.

ಬಸವ್ವನ ಮೊಮ್ಮಗಳು ನೀಲವ್ವ. ಲಗ್ನದ ವಯಸ್ಸಿಗಿ ಬಂದ ಹುಡುಗಿ. ಸಣ್ಣಾಕಿದ್ದಾಗ ಎಡಗಿವಿ ಸೋರಿ ಸೋರಿ, ಆ ಕಿವಿ ಕೇಳಸೂದಿಲ್ಲ. ಓಣಿಗೆಲ್ಲಾ ಗೊತ್ತು, ಯಾರಿಗೂ ಗೊತ್ತಿಲ್ಲ ಅಂತ ಬಸವ್ವ ತಿಳಕೊಂಡಾಳ. ಹ್ವಾದ ವರ್ಷ ಒಂದು ಸಂಬಂಧ ಬಂದು, ಕಿವಿ ಸುದ್ದಿ ಹೆಂಗೋ ತಿಳಿದು ತಿರುಗಿ ಹೋತು. ಒಮ್ಮೆ ತಿರುಗಿ ಹೋದರ ಮಂದಿ ಯಾಕ ಅಂತ ಕೇಳತಾರ. ಎರಡನೇ ಸಲ ಹೋದರ ಕೇಳೂದೂ ಇಲ್ಲ, ಬರೂದೂ ಇಲ್ಲ. ದೊಡ್ಡವರ ಜಗಳ ಹುಡುಗರಿಗಿ ತಾಕೂದಿಲ್ಲ ನೋಡ್ರಿ, ಈ ಹುಡುಗಿ ದಿನಾ ನಸುಕಿನ್ಯಾಗ ಬಾವಿಂದ ನನ್ನ ಕೊಡಾ ತುಂಬಿ ಬಾಗಲದಾಗ ಇಟ್ಟು ಹೋಗತಿದ್ದಳು. ನಾ ಆಕಿ ಬಲಗಡೆ ನಿಂತು "ಏ ಹುಡುಗಿ" ಅಂತಿದ್ದೆ. ಆಣಿ ಇತ್ತಲ್ಲ, ಆಕಿ ತೊಟ್ಟಿಲದಾಗಿದ್ದಾಗಿಂದ ಒಮ್ಮೆನೂ ನೀಲವ್ವ ಅಂದಿರಲಿಲ್ಲ.

ಈ ಸಲ ಯರಗಟ್ಟಿಯಿಂದ ಬಂದರು. ಯರಗಟ್ಟಿ ಮಂದಿ ಅಂದ್ರ ಸಂತಿ ಮಂದಿ. ಜೋಳಾ ಕೊಳ್ಳೋ ಮುಂದ ಚೀಲದ ಬಾಯಿ ನೋಡೂದಿಲ್ಲ, ತಳಕ್ಕ ಕೈ ಹಾಕತಾರ. ಕನ್ಯಾ ಕೇಳೋದೂ ಹಂಗ. ಮೊದಲು ಹುಡುಗಿ ಮನಿಗಿ ಹೋಗೂದಿಲ್ಲ. ಆ ಮನಿ ಕೂಡ ಮಾತು ಬಿಟ್ಟವರು ಯಾರು ಅಂತ ಊರ ಬಾಗಲ ಅಗಸ್ಯಾಗ ಕೇಳಿ, ಅವರ ಮನಿಗಿ ಹೋಗತಾರ. ಮಿತ್ರರು ಮುಚ್ಚತಾರ, ಜಗಳಾಡಿದವರು ಒಂದೂ ಉಳಿಸೂದಿಲ್ಲ ಅಂತ ಅವರ ಲೆಕ್ಕ.

ಹಂಗ ನನ್ನ ಪಡಸಾಲಿಗಿ ಬಂದು ಕುಂತರು. ಹುಡುಗನ ಅಪ್ಪ, ಮತ್ತ ಹುಡುಗನ ದೊಡ್ಡವ್ವ. ಅಪ್ಪ ಮಾತಾಡೋವನಲ್ಲ. ದೊಡ್ಡವ್ವ ಗಟ್ಟಿ ಹೆಂಗಸು, ಕುಂತಲ್ಲೇ ನನ್ನ ಮನಿ ತೊಲಿ ಎಣಿಸಿ ಮುಗಿಸಿದಳು. ಬೆಲ್ಲಾ ನೀರು ಕೊಟ್ಟೆ.

"ಯವ್ವಾರ, ನಿಮ್ಮ ಬಾಯಿ ಕೆಟ್ಟದ್ದು, ಆದರ ಸುಳ್ಳಾಡೂದಿಲ್ಲ ಅಂತ ಅಗಸ್ಯಾಗ ಹೇಳಿದ್ರು," ಅಂದ್ಲು. "ಬಾಜೂ ಮನಿ ಹುಡುಗಿ ಹೆಂಗದಾಳ್ರಿ?"

ಗ್ವಾಡಿ ಆ ಕಡೆ ಬೀಸೋ ಸಪ್ಪಳ ನಿಂತಿತು. ಬಸವ್ವ ಕಿವಿ ಹಚ್ಚಿ ನಿಂತಾಳ ಅಂತ ತಿಳೀತು. ಹುಡುಗಿ ಛಲೋ ಅಂತ ನನ್ನ ನಾಲಿಗಿ ತುದಿಗಿ ಬಂದಿತ್ತು. ಆದರ ಭಂಡಾರದ ಆಣಿ. ಆ ಮನಿ ಸುದ್ದಿ ಎತ್ತೋ ಹಂಗಿಲ್ಲ.

"ನೀರು ಕುಡೀರಿ," ಅಂದೆ.

"ಕುಡದೇವ್ರಿ. ಹುಡುಗಿ?"

"ಬೆಲ್ಲಾ ತಗೋರಿ."

ದೊಡ್ಡವ್ವ ಕೈಯಾಗಿನ ಬೆಲ್ಲಾ ತಿರುಗಿ ತಾಟಿನಾಗ ಇಟ್ಟಳು. "ತಿಳೀತ್ರಿ ಯವ್ವಾರ," ಅಂದು ಎದ್ದಳು. ಕರೆ ಕಳಿಸಿ ಬಂದೇವಿ, ಹೋಗದಿದ್ದರ ಚೆಂದ ಕಾಣೂದಿಲ್ಲ ಅಂತ ಇಬ್ಬರೂ ಬಸವ್ವನ ಮನಿಗಿ ಹೋದರು.

ನಾ ಅಲ್ಲೇ ಕುಂತೆ. ಒಂದು ಸುಳ್ಳೂ ಆಡಿರಲಿಲ್ಲ. ಆದರ ನಾಲ್ಕೂರಾಗ ಬಾಯಿ ಹರಕ ಅಂತ ಹೆಸರಾದಾಕಿ ಬಾಯಿ ಮುಚ್ಚಿದರ ಜನಾ ಏನು ತಿಳೀಬೇಕು? ಬಸವ್ವ ಸುಮ್ಮನಾದರ ಯಾರಿಗೂ ಗೊತ್ತಾಗೂದಿಲ್ಲ. ನಾ ಸುಮ್ಮನಾದರ, ಹೇಳಬಾರದಂಥಾದ್ದು ಏನೋ ಐತಿ ಅಂತನ ಅರ್ಥ. ಸುಳ್ಳಿಗಿ ನಾಲಿಗಿ ಬೇಕಂತ ನಾ ಇಷ್ಟು ದಿನ ತಿಳಿದಿದ್ದೆ.

ಗ್ವಾಡಿಗಿ ಕಿವಿ ಹಚ್ಚಿದೆ. ಬಸವ್ವನ ಅಂಗಡಿ ತೆರೆದಿತ್ತು. "ನಮ್ಮ ಹುಡುಗಿ ರೊಟ್ಟಿ ಬಡಿದ್ರ ಆಚಿ ಕಡೆ ದೀಪಾ ಕಾಣತೈತ್ರಿ. ಎತ್ತರಿಸಿ ಒಂದು ಮಾತಾಡಿದಾಕಿ ಅಲ್ರಿ. ಹೆಸರಿಡಾಕ ಒಂದು ಜಾಗಾ ಇಲ್ರಿ." ದೊಡ್ಡವ್ವ ಎಲ್ಲಾದಕ್ಕೂ ಹೂಂ ಅಂದ್ಲು. ಕಡೀಕ, "ಆತ್ರಿ, ಹೇಳಿ ಕಳಸ್ತೇವ್ರಿ," ಅಂದ್ಲು.

ನಿಮಗೂ ಗೊತ್ತಲ್ಲ, ಹೇಳಿ ಕಳಸ್ತೇವಿ ಅಂದ್ರ ಏನು ಅಂತ. ನಮ್ಮ ಕಡೆ ಬ್ಯಾಡ ಅನ್ನಾಕ ಇದಕ್ಕಿಂತ ಮೆತ್ತನ ಮಾತಿಲ್ಲ. ಮೆತ್ತಗ ಹೇಳಿದ್ದರಿಂದ ನೋವು ಕಡಿಮಿ ಆಗೂದಿಲ್ಲ, ಕಾಯೋ ದಿನಾ ಅಷ್ಟ ಹೆಚ್ಚಾಗತಾವು.

ಅವಲಕ್ಕಿ ತಿಂದು ಹೋಗ್ರಿ ಅಂತ ಅವರನ್ನ ಕುಂದರಿಸಿ, ಬಸವ್ವ ಹಿತ್ತಲಕ್ಕ ಬಂದ್ಲು. ತನ್ನ ಎಮ್ಮಿ ಹತ್ರ ನಿಂತ್ಲು. ಯಾವಾಗಲೂ ನನಗ ಕೇಳಲಿ ಅಂತ ಚೀರೋವಾಕಿ, ಅವತ್ತ ಸಣ್ಣ ದನೀಲೆ ಅಂದ್ಲು. "ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ತೀರಿಸಬಾರದಾಗಿತ್ತೇನು. ಆ ಕೂಸು ಏನು ಮಾಡಿತ್ತು."

ನಾ ಪದ್ಧತಿ ಪ್ರಕಾರ ನನ್ನ ಎಮ್ಮಿ ಕಡೆ ತಿರುಗಿದೆ, ಉತ್ತರಾ ಕೊಡಾಕ. ಎಮ್ಮಿ ನನ್ನ ಮುಖಾ ನೋಡಿತು. ಇದಕ್ಕ ಹೇಳಿ ಏನು ಮಾಡಲಿ? ಇದೇನು ಯರಗಟ್ಟಿಯವರ ಮುಂದ ಹೋಗಿ ಹೇಳತೈತೇನು? ಆವಾಗ ಮಾರ್ಥಾಬಾಯಾರ ಆ ತಲಿಕೆಳಗಿನ ಮಾತು ನೆಟ್ಟಗ ನಿಂತಿತು ನೋಡ್ರಿ. ಇಷ್ಟು ವರ್ಷ ನಾ ನನ್ನ ಸಿಟ್ಟು ಅಷ್ಟ ಕಾಯ್ದು ಕುಂತಿದ್ದೆ, ಕಲ್ಲಿನ ಸಿಟ್ಟು. ಈಗ ಆಕಿಗಿ ನನ್ನ ಮ್ಯಾಲ ಒಂದು ಸಿಟ್ಟು ಬಂದಿತ್ತು, ಬಿಸಿ ಬಿಸಿದು, ಅದೂ ನ್ಯಾಯದ್ದು. ಯರಗಟ್ಟಿಯವರು ಎದ್ದು ಗಾಡಿ ಹೂಡಿದರಂದ್ರ ಮುಗೀತು.

ಸೀರಿ ಕಚ್ಚಿ ಸಿಗಿಸಿ ಹೊಂಟೆ. ಬಸವ್ವನ ಹೊಸ್ತಿಲದಾಗ ಒಂದು ಗಳಿಗಿ ಕಾಲು ನಿಂತಿತು. ಎಲ್ಲಮ್ಮ ಕೇಳಿದರ ಆಕಿಗಿ ನಾ ಉತ್ತರಾ ಕೊಟ್ಕೋತೇನಿ, ಈ ಹುಡುಗಿಗಿ ಯಾರು ಕೊಡಬೇಕು ಅಂದುಕೊಂಡು ದಾಟಿದೆ. ಎಡಗಾಲೋ ಬಲಗಾಲೋ ನೋಡಲಿಲ್ಲ.

ಪಡಸಾಲ್ಯಾಗ ಅವಲಕ್ಕಿ ತಾಟು ಹಿಡಿದವರು ಹಿಡಿದಂಗ ಕುಂತರು. ಬಸವ್ವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ನೀವು ಮಾತು ಬಿಟ್ಟವರಲ್ಲೇನ್ರಿ?" ಅಂದ್ಲು ದೊಡ್ಡವ್ವ.

"ಬಿಟ್ಟೇವ್ರಿ, ಈಗೂ ಬಿಟ್ಟೇವಿ. ನಾ ನಿಮ್ಮ ಕೂಡ ಮಾತಾಡಾಕ ಬಂದೇನಿ. ಆವಾಗ ಸುಮ್ಮನಿದ್ದದ್ದು ನನ್ನ ಆಣಿ ಸಲುವಾಗಿ, ಹುಡುಗಿ ಸಲುವಾಗಿ ಅಲ್ಲ. ಈಗ ಕೇಳ್ರಿ, ಹೇಳತೇನಿ."

"ಹುಡುಗಿ ಹೆಂಗದಾಳ?"

"ನೀಲವ್ವ," ಅಂದೆ. ಕಂಬದ ಹತ್ರ ಕುಂತ ಹುಡುಗಿ ತಲಿ ಎತ್ತಿದಳು. "ನೀಲವ್ವ ರೊಟ್ಟಿ ದಪ್ಪ ಬಡೀತಾಳ. ಅಂಚಿಗಿ ಇನ್ನೂ ದಪ್ಪ. ದೀಪಾ ಹಂಗಿರಲಿ, ಸೂರ್ಯನೂ ಕಾಣೂದಿಲ್ಲ. ಎದುರು ಮಾತಾಡತಾಳ, ಹಿಂದ ಆಡೂದಿಲ್ಲ. ಆಕಿ ಆಯಿ ಈ ಬಸವ್ವಗೂ ನನಗೂ ಮುಖಾ ಇಲ್ಲ, ಆದರೂ ದಿನಾ ನನ್ನ ಕೊಡಾ ತುಂಬತಾಳ. ಅದನ್ನ ಇಲ್ಲಿ ಹೇಳಿ ಬೈಸಿಕೊಂಡಿಲ್ಲ, ನನಗ ಹೇಳಿ ಹೊಗಳಿಸಿಕೊಂಡೂ ಇಲ್ಲ."

"ಯಕ್ಕಾ, ರೊಟ್ಟಿ ಸುದ್ದಿ ಯಾಕ ಬೇಕಿತ್ತು ಈಗ," ಅಂದ್ಲು ಬಸವ್ವ. ಅಷ್ಟು ವರ್ಷಕ್ಕ ನನ್ನ ಮುಖಾ ನೋಡಿ ಆಡಿದ ಮೊದಲನೇ ಮಾತು ಅದು.

ದೊಡ್ಡವ್ವ ಕಣ್ಣು ಸಣ್ಣ ಮಾಡಿದಳು. "ಇದ್ದದ್ದು ಇದ್ದಂಗ ಹೇಳತೀರಿ ಅಂದಮ್ಯಾಲ ಇದೂ ಹೇಳ್ರಿ. ಹುಡುಗೀನ ಕಂಬಕ್ಕ ಎಡಗಡೆ ಒತ್ತಿ, ಅಷ್ಟು ಓರೆ ಮಾಡಿ ಯಾಕ ಕುಂದರಿಸೀರಿ?"

ಉತ್ತರಾ ನನ್ನ ಬಾಯಾಗ ತಯಾರಿತ್ತು. ಇಂಥಾ ಹೊತ್ತಿನಾಗ ಈ ಬಾಯಿ ಯಾವತ್ತೂ ಕಾಯ್ದಿಲ್ಲ, ಕೂಸಿನ ಮೂಗು ನೋಡಿದಾಗೂ ಕಾಯ್ದಿರಲಿಲ್ಲ. ಆದರ ಇದು ನನ್ನ ಕಿವಿ ಅಲ್ಲ. ಹೇಳೋ ಹಕ್ಕು ನಂದಲ್ಲ, ಮುಚ್ಚೋ ಹಕ್ಕು ಬಸವ್ವಂದಲ್ಲ. ಹುಡುಗಿ ಬಲಗಡೆ ಹೋಗಿ ನಿಂತೆ.

"ನೀ ಹೇಳತೀಯೋ, ನಾ ಹೇಳಲೋ?"

"ನಾನ ಹೇಳತೇನಿ ದೊಡ್ಡಾಯಿ," ಅಂದ್ಲು. ಅಂದು ಅವರ ಕಡೆ ನೆಟ್ಟಗ ತಿರುಗಿ ಕುಂತಳು. "ನನಗ ಎಡಗಿವಿ ಕೇಳಸೂದಿಲ್ರಿ. ಬಲಗಿವಿ ಛಲೋ ಐತಿ. ಮುಚ್ಚಿಕೊಂಡು ನಿಮ್ಮ ಮನಿಗಿ ಬರಾಕ ನನಗ ಮನಸಿಲ್ಲ. ಬ್ಯಾಡಾಗಿದ್ದರ ಇಲ್ಲೇ ಬ್ಯಾಡ ಅಂದು ಹೋಗ್ರಿ. ಹೇಳಿ ಕಳಸ್ತೇವಿ ಅನಬ್ಯಾಡ್ರಿ, ಆಯಿ ದಿನಾ ದಾರಿ ನೋಡತಾಳ."

ಒಲಿ ಮ್ಯಾಲ ಹಾಲು ಉಕ್ಕಿದ ವಾಸನಿ ಬಂತು, ಯಾರೂ ಏಳಲಿಲ್ಲ. ಆವಾಗ, ಅಲ್ಲಿ ತನಕ ಬಾಯಿನ ಬಿಡದ ಹುಡುಗನ ಅಪ್ಪ ತಾಟು ಕೆಳಗಿಟ್ಟ.

"ನಮ್ಮ ವೈನಿ ದಿನಾ ಎಡಕ್ಕ ಕುಂತು ಬೈತಾರ," ಅಂದ. "ಹುಡುಗಿಗಿ ತ್ರಾಸ ಆಗೂದಿಲ್ಲ."

ವೈನಿ ಅಂದ್ರ ಅವನ ಅಣ್ಣನ ಹೆಂಡತಿ, ಇದ ದೊಡ್ಡವ್ವ. ಆಕಿ ಮೈದುನನ ಕಡೆ ಸಿಟ್ಟಿಲೆ ನೋಡಿದಾಕಿ ತಡೀಲಾರದ ನಕ್ಕಳು, ತಾಟಿನಾಗಿನ ಅವಲಕ್ಕಿ ಮಡಿಲಿಗಿ ಬಿತ್ತು. ನಕ್ಕು ಮುಗಿಸಿ, ಮಡಿಲಾ ಝಾಡಿಸಿ, ಬಸವ್ವಗ ಅಂದ್ಲು. "ನೋಡವ್ವಾ. ನಮ್ಮ ಹಿರಿ ಸೊಸಿ ತರೋ ಮುಂದ ಎಲ್ಲಾ ಛಲೋ, ಎಲ್ಲಾ ಛಲೋ ಅಂದು ಕೊಟ್ರು. ಬಂದ ಮ್ಯಾಲ ತಿಂಗಳ ತಿಂಗಳ ಒಂದೊಂದು ಹೊರಗ ಬಿತ್ತು. ನೀ ಛಲೋ ಅಂದಾಗ ನಾ ಎದ್ದು ಹೊಂಟಿದ್ದೆ. ನಿನ್ನ ಕೂಡ ಜಗಳಾಡಿದಾಕಿ ಹೊಟ್ಟ್ಯಾಗ ಕೈ ಹಾಕಿ ನೋಡಿದರ ದಪ್ಪ ರೊಟ್ಟಿ ಬಿಟ್ಟು ಬ್ಯಾರೆ ಏನೂ ಸಿಗಲಿಲ್ಲ. ಸಕ್ಕರಿ ತಗೊಂಡು ಬಾ."

ನಮ್ಮ ಕಡೆ ಸಕ್ಕರಿ ಬಾಯಾಗ ಹಾಕಿದರ ಸಂಬಂಧ ಗಟ್ಟಿ. ಬಸವ್ವ ಡಬ್ಬಿ ತರಾಕ ಒಳಗ ಹೋದಾಕಿ ಬರಲೇ ಇಲ್ಲ, ಹೋಗಿ ನೋಡಿದರ ಸಕ್ಕರಿ ಡಬ್ಬಿ ಬಿಟ್ಟು ಉಪ್ಪಿನ ಗಡಿಗ್ಯಾಗ ಕೈ ಹಾಕಿ ನಿಂತಿದ್ದಳು. ನಾನ ಡಬ್ಬಿ ತಗೊಂಡೆ. ಹುಡುಗಿ ಬಾಯಾಗ ಮೊದಲು ದೊಡ್ಡವ್ವ ಹಾಕಿದಳು, ಆಮ್ಯಾಲ ನಾ ಹಾಕಿದೆ.

ಗಾಡಿ ಹೋದ ಮ್ಯಾಲ ನಾನೂ ಬಸವ್ವನೂ ಎದುರಾ ಬದರಾ ಕುಂತೆವು. ಇಷ್ಟು ವರ್ಷದ್ದು ಮಾತಾಡೋದಿತ್ತು. ಬಸವ್ವ ರೊಟ್ಟಿಯಿಂದ ಶುರು ಮಾಡಿದಳು. "ರೊಟ್ಟಿ ಅಷ್ಟೇನು ದಪ್ಪ ಇರೂದಿಲ್ಲ."

"ಇರತೈತಿ."

"ತಿಂದು ನೋಡೀಯೇನು?"

"ತಿನ್ನಬೇಕೇನು? ಬಡಿಯೋ ಸಪ್ಪಳ ನಮ್ಮನಿಗೆ ಕೇಳತೈತಿ."

ಆಕಿ ಸಿಟ್ಟಿಲೆ ಎದ್ದು ಒಲಿ ಹಚ್ಚಿ, ಹುಡುಗೀನ ಕರೆದು ರೊಟ್ಟಿ ಬಡಿಸಿ ನನ್ನ ಮುಂದ ಒಗೆದಳು. ದಪ್ಪನ ಇತ್ತು, ದಪ್ಪ ಐತಿ ಅಂದೆ. ಮತ್ತೊಂದು ಒಗೆದಳು. ಇಬ್ಬರೂ ಹೊತ್ತು ಮುಳುಗೋ ತನಕ ಮುಖಾ ನೋಡಿಕೊಂತ ಜಗಳಾಡಿದೆವು. ರೊಟ್ಟಿಯಿಂದ ಕಲ್ಲಿಗಿ ಬಂದೆವು, ಕಲ್ಲಿನಿಂದ ಪಾಲಿಗಿ, ಪಾಲಿನಿಂದ ನಮ್ಮಿಬ್ಬರ ಅತ್ತಿ ಕಡೆಗಿ. ಅತ್ತಿ ಸುದ್ದಿ ಬಂದಾಗ ಇಬ್ಬರದೂ ಒಂದ ಮಾತಾತು, ಹಿಂಗಾಗಿ ಅಲ್ಲಿಗೆ ಜಗಳಾ ನಿಂತಿತು. ಕಲ್ಲು ಇನ್ನೂ ಆಕಿ ಮನ್ಯಾಗ ಐತಿ. ಇನ್ನೂ ನಂದ.

ಆಣಿ ಮುರದಾಕಿಗಿ ಎಲ್ಲಮ್ಮ ಬಿಡೂದಿಲ್ಲ ಅಂತ ಕಲ್ಲವ್ವ ಹೆದರಸ್ತಾಳ. ಮೊಣಕಾಲು ನೋಯ್ಯಾಕತ್ತಾವು ಖರೇ, ಆದರ ಅವು ಆಣಿ ಮುರಿಯೋಕ್ಕಿಂತ ಮೊದಲ ನೋಯತಿದ್ದವು. ಅದನ್ನೂ ಇದ್ದಂಗ ಹೇಳಬೇಕಲ್ಲ.

ನಿನ್ನಿ ಮಾರ್ಥಾಬಾಯಾರು ಬಂದಿದ್ದರು. ಗ್ವಾಡಿ ಆ ಕಡೆಯಿಂದ ಬಸವ್ವ, ಲಗ್ನಕ್ಕ ಯಾರ್ಯಾರನ್ನ ಕರೀಬೇಕು ಅನ್ನೋದ್ರಾಗ ನಂದು ಎಲ್ಲಾ ತಪ್ಪು ಅಂತ ನನ್ನ ಹೆಸರು ಹಿಡಿದು ಒದರಾಕ ಹತ್ತಿದ್ದಳು. ನಾ ಇಲ್ಲಿಂದ ಒದರಿ ಉತ್ತರಾ ಕೊಟ್ಟು ಬಂದು ಕುಂತೆ.

"ಇಬ್ಬರ ನಡುವ ಸಮಾಧಾನ ಆತಂತಲ್ಲ ಗಂಗವ್ವಾ?" ಅಂತ ಬಾಯಾರು ಕೇಳಿದರು.

"ಆಗೇತ್ರಿ ಬಾಯಾರ," ಅಂದೆ. "ಸಪ್ಪಳ ಬಾಳ ಮಾಡತೈತಿ."